ಲಿಸ್ಬನ್: ಭೂಕಂಪಕ್ಕೆ ಮುಂಚಿನ ಊರು, ಆಮೇಲಿನ ಊರು

ಲಿಸ್ಬನ್ನಿಗೆ ಬಂದವರು ಹೆಚ್ಚಾಗಿ ಮೊದಲು ಹುಡುಕುವುದು 28ನೇ ನಂಬರಿನ ಹಳದಿ ಟ್ರಾಮನ್ನು. ಅದನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಮೊದಲ ಬೆಳಗ್ಗೆ ಊರಿನ ಪೂರ್ವದಲ್ಲಿರುವ ರಾಷ್ಟ್ರೀಯ ಅಝುಲೇಜು ಮ್ಯೂಸಿಯಂಗೆ ಹೋಗಬೇಕು. ಅಝುಲೇಜು ಎಂದರೆ ಬಣ್ಣದ ಚಿತ್ರ ಬರೆದ ಮೆರುಗು ಟೈಲ್ಸ್. ಸೋಮವಾರ ರಜೆ. ದುರಸ್ತಿಗೆಂದು ಮುಚ್ಚುವುದೂ ಉಂಟು, ಆದ್ದರಿಂದ ಮೊದಲೇ ವಿಚಾರಿಸಿಕೊಳ್ಳಿ. ಪಕ್ಕದಲ್ಲಿ ಮೆಟ್ರೋ ಇಲ್ಲ. ಸಾಂತಾ ಅಪೊಲೋನಿಯಾದಲ್ಲಿ ಇಳಿದು ಬಸ್ಸು ಹಿಡಿಯಬೇಕು.

1509ರಲ್ಲಿ ರಾಣಿ ಲಿಯೊನೋರ್ ಕಟ್ಟಿಸಿದ ಸನ್ಯಾಸಿನಿಯರ ಮಠದಲ್ಲಿ ಈ ಮ್ಯೂಸಿಯಂ ಇದೆ. ಇಲ್ಲಿ ಸುಮಾರು 1700ರ ಹೊತ್ತಿಗೆ ಬರೆದ, 23 ಮೀಟರ್ ಉದ್ದದ ನೀಲಿ-ಬಿಳಿ ಟೈಲ್ಸ್ ಚಿತ್ರವೊಂದಿದೆ. ನದಿಯ ಕಡೆಯಿಂದ ಕಾಣುವ ಇಡೀ ಲಿಸ್ಬನ್, ಅರಮನೆ, ಇಗರ್ಜಿ, ಹಡಗುಗಳ ಸಮೇತ. 1755ರ ನವೆಂಬರ್ 1ರಂದು ಭೂಕಂಪ, ಸುನಾಮಿ, ಬೆಂಕಿ ಮೂರೂ ಸೇರಿ ಅಳಿಸಿಹಾಕಿದ ಊರು ಅದೇ. ಇದನ್ನು ನೋಡಿಕೊಂಡು ಬೀದಿಗಿಳಿದರೆ ಯಾವುದು ಉಳಿದದ್ದು, ಯಾವುದು ಮತ್ತೆ ಕಟ್ಟಿದ್ದು ಎಂದು ಕಣ್ಣಿಗೇ ತಿಳಿಯುತ್ತದೆ.

ಟೈಲ್ಸಿನ ಕೆಲಸವನ್ನು ಹತ್ತಿರದಿಂದ ನೋಡಿ. ಸುಮಾರು 14 ಸೆಂಟಿಮೀಟರ್ ಚೌಕದ ಮಣ್ಣಿನ ಬಿಲ್ಲೆಯನ್ನು ಒಮ್ಮೆ ಸುಟ್ಟು, ಮೇಲೆ ತವರ ಬೆರೆಸಿದ ಬಿಳಿ ಲೇಪ ಕೊಡುತ್ತಾರೆ. ಹಸಿ ಲೇಪದ ಮೇಲೆಯೇ ಬಣ್ಣ ಹಚ್ಚಿ ಇನ್ನೊಮ್ಮೆ ಸುಡುತ್ತಾರೆ. ಲೇಪ ಬಣ್ಣವನ್ನು ಕೂಡಲೇ ಹೀರಿಕೊಳ್ಳುವುದರಿಂದ ತಪ್ಪಿದ ಗೆರೆಯನ್ನು ಒರೆಸಲಾಗದು. ಗೋಡೆಯ ತೇವ ಹಿಂದಿನಿಂದ ಉಪ್ಪನ್ನು ತಂದು ಲೇಪವನ್ನು ಎಬ್ಬಿಸುತ್ತದೆ. ಹಳೆಯ ಮನೆಗಳ ಮುಖದಲ್ಲಿ ಕಾಣುವ ಬೋಳು ಚೌಕಗಳಿಗೆ ಇದೊಂದು ಕಾರಣ, ಕಳ್ಳತನ ಇನ್ನೊಂದು. ಮಂಗಳವಾರ, ಶನಿವಾರ ಸೇರುವ ಫೇರಾ ದ ಲಾದ್ರಾ ಸಂತೆಯಲ್ಲಿ ಬಿಡಿ ಹಳೆ ಟೈಲ್ಸ್ ಚೆಂದವಾಗಿ ಕಂಡರೂ ಕೊಳ್ಳಬೇಡಿ. ನೆನಪಿಗೆ ಬೇಕೆಂದರೆ ಹೊಸದಾಗಿ ಕೈಯಲ್ಲಿ ಬರೆದದ್ದು ಸಿಗುತ್ತದೆ.

ಮಧ್ಯಾಹ್ನ ಬೈಶಾ-ಶಿಯಾದು ಮೆಟ್ರೋದಲ್ಲಿ ಇಳಿದು, ಉದ್ದನೆಯ ಎಸ್ಕಲೇಟರಿನಲ್ಲಿ ಶಿಯಾದು ಕಡೆ ಮೇಲೆ ಬಂದರೆ ಏರು ಹತ್ತುವ ಶ್ರಮ ಅರ್ಧ ತಪ್ಪುತ್ತದೆ. ಅಲ್ಲಿಂದ ಕಾರ್ಮು ಮಠ ಹತ್ತಿರ. ಭೂಕಂಪದಲ್ಲಿ ಛಾವಣಿ ಕಳೆದುಕೊಂಡ ಇಗರ್ಜಿಯ ಕಲ್ಲಿನ ಕಮಾನುಗಳು ಇಂದಿಗೂ ಬಯಲಲ್ಲೇ ನಿಂತಿವೆ. ಭಾನುವಾರ ಬಾಗಿಲು ತೆರೆಯುವುದಿಲ್ಲ.

ಕೆಳಗಿನ ಬೈಶಾ ಪೇಟೆ ಪೂರ್ತಿ ಭೂಕಂಪದ ಆಮೇಲಿನದು. ಆಗಿನ ಮಂತ್ರಿ ಮಾರ್ಕೆಸ್ ದ ಪೊಂಬಾಲ್ ಆಡಳಿತದಲ್ಲಿ ಮನೆಗಳ ಗೋಡೆಯೊಳಗೆ ಅಡ್ಡ-ಉದ್ದ-ಓರೆ ತೊಲೆಗಳ ಪಂಜರ ನಿಲ್ಲಿಸಿ, ಸಂದುಗಳಿಗೆ ಕಲ್ಲು-ಗಾರೆ ತುಂಬಿದರು. ನೆಲ ನಡುಗಿದಾಗ ಮರ ಬಾಗಿ ತಡೆಯುತ್ತದೆ, ಕಲ್ಲಿನ ಗೋಡೆಯಂತೆ ಒಮ್ಮೆಲೇ ಕುಸಿಯುವುದಿಲ್ಲ. ಮಾದರಿ ಕಟ್ಟಿ, ಸುತ್ತ ಸೈನಿಕರನ್ನು ಕುಣಿಸಿ ಪರೀಕ್ಷಿಸಿದರೆಂದು ಹೇಳುತ್ತಾರೆ. ತಳಪಾಯಕ್ಕೆ ಪೈನ್ ಮರದ ಗೂಟಗಳು. ಕೆಸರು ನೀರಿನಲ್ಲಿ ಮುಳುಗಿರುವಷ್ಟು ಕಾಲ ಅವು ಗಟ್ಟಿ; ಅಂತರ್ಜಲ ಇಳಿದರೆ ಗಾಳಿ ತಾಗಿ ಕೊಳೆಯುತ್ತವೆ. ಕೊರಿಯೇರುಶ್ ಬೀದಿಯ ಬ್ಯಾಂಕೊಂದರ ನೆಲಮಾಳಿಗೆಯಲ್ಲಿ ಅವನ್ನು ಕಣ್ಣಾರೆ ನೋಡಬಹುದು. ಮಾರ್ಗದರ್ಶಕರ ಜೊತೆಯಲ್ಲಿ ಮಾತ್ರ ಬಿಡುತ್ತಾರೆ, ಮೊದಲೇ ಹೆಸರು ಬರೆಸಿರಿ.

ಸಂಜೆ ಹಳೆಯ ಕೇರಿ ಅಲ್ಫಾಮಾಗೆ. ಬಂಡೆಯ ಗುಡ್ಡದ ಮೇಲಿದ್ದುದರಿಂದ ಇದರ ಇಕ್ಕಟ್ಟಿನ ಓಣಿಗಳು ಬಹುಮಟ್ಟಿಗೆ ಉಳಿದವು. ಸುಣ್ಣಕಲ್ಲು ಹಾಸಿದ ದಾರಿ ಮಳೆ ಬಿದ್ದರೆ ವಿಪರೀತ ಜಾರುತ್ತದೆ, ರಬ್ಬರ್ ತಳದ ಶೂ ಇರಲಿ. ಇಲ್ಲಿನ ಫಾದು, ಅಂದರೆ ಗಿಟಾರಿನ ಜೊತೆ ಹಾಡುವ ಲಿಸ್ಬನ್ನಿನ ವಿಷಾದದ ಗಾಯನ, 2011ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಫಾದು ಮನೆಯಲ್ಲಿ ದೀಪ ಸಣ್ಣದಾದರೆ ಹಾಡು ಶುರುವಾಗುತ್ತದೆ ಎಂದರ್ಥ. ಆಗ ಮಾತು, ಚಮಚದ ಸದ್ದು, ಬಡಿಸುವುದು ಎಲ್ಲವೂ ನಿಲ್ಲಬೇಕು. ತಡವಾಗಿ ಬಂದವರು ಬಾಗಿಲಲ್ಲೇ ಕಾಯಬೇಕು. ಮೂರು-ನಾಲ್ಕು ಹಾಡು, ಮತ್ತೆ ಊಟಕ್ಕೆ ಬಿಡುವು. ಹನ್ನೆರಡು ತಂತಿಯ ಪೋರ್ಚುಗೀಸ್ ಗಿಟಾರು, ಕಚೇರಿಯಲ್ಲಿ ಪಿಟೀಲು ಹಾಡುಗಾರರ ಬೆನ್ನು ಹತ್ತುವಂತೆ, ಸಾಲು ಮುಗಿದಲ್ಲೆಲ್ಲ ಉತ್ತರ ಕೊಡುತ್ತದೆ. ಅದನ್ನು ಕೇಳಿಸಿಕೊಳ್ಳಿ, ಭಾಷೆ ಬಾರದಿದ್ದರೂ ಹಾಡು ಒಳಗಿಳಿಯುತ್ತದೆ. ಕೇಳದೆಯೇ ಮೇಜಿಗೆ ಬರುವ ಬ್ರೆಡ್ಡು, ಆಲಿವ್, ಚೀಸಿಗೆ ಹಣವುಂಟು. ಬೇಡವಾದರೆ ಮುಟ್ಟದೆ ವಾಪಸು ಕಳಿಸಿ. ಸಸ್ಯಾಹಾರಿಗಳು ಜಾಗ ಕಾದಿರಿಸುವಾಗಲೇ ಹೇಳಿಬಿಡಬೇಕು.

ಮರುದಿನ ಟ್ರಾಮು. ಬೆಳಗ್ಗೆ ಬೇಗ, ಕಾಂಪು ದ ಔರಿಕ್ ತುದಿಯಲ್ಲಿ ಹತ್ತಿದರೆ ಕೂರಲು ಜಾಗ ಸಿಗುತ್ತದೆ. ನೂಕುನುಗ್ಗಲಿನಲ್ಲಿ ಜೇಬುಗಳ್ಳರಿರುತ್ತಾರೆ, ಚೀಲ ಮುಂದೆ ಹಾಕಿಕೊಳ್ಳಿ.

ಆಮೇಲೆ ಊರಿನ ಪಶ್ಚಿಮದಲ್ಲಿ ನದಿಯ ದಡದಲ್ಲಿರುವ ಬೆಲೇಂ. 16ನೇ ಶತಮಾನದ ಆರಂಭದಲ್ಲಿ ಶುರುವಾದ ಜೆರೊನಿಮುಶ್ ಮಠದ ಖರ್ಚಿಗೆ ಸಂಬಾರ ವ್ಯಾಪಾರದ ಮೇಲಿನ ಶೇಕಡ 5ರಷ್ಟು ತೆರಿಗೆ ಒದಗಿತು. ಅದೇ ಶತಮಾನದ ಉತ್ತರಾರ್ಧದಲ್ಲಿ ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಕಾಳುಮೆಣಸಿನ ರಾಣಿ ಎಂದು ಕರೆದರು. ವಾಸ್ಕೋ ದ ಗಾಮನ ಗೋರಿಯ ಮುಂದೆ ಗುಂಪು ಬಹಳ. ಅದನ್ನು ದಾಟಿ ಒಳಾಂಗಣದ ಎರಡಂತಸ್ತಿನ ಪಡಸಾಲೆಗೆ ಹೋಗಿ, ಕಲ್ಲಿನಲ್ಲಿ ಕಡೆದ ಹಡಗಿನ ಹಗ್ಗದ ಗಂಟುಗಳನ್ನು ಒಂದೊಂದಾಗಿ ನೋಡಿ. ಮೆಣಸಿನ ದುಡ್ಡು ಹೋಗಿ ಸೇರಿದ್ದು ಅಲ್ಲಿಗೆ.