ಮೊದಲ ಹಾರಾಟಕ್ಕೆ ಮುಂಚೆ ಪ್ರೊಪೆಲ್ಲರ್ ಪಿಚ್ ಹೊಂದಿಸುವುದು

ಸ್ವಂತವಾಗಿ ಕಟ್ಟಿದ ವಿಮಾನಕ್ಕೆ ನೆಲದ ಮೇಲೆ ಪಿಚ್ (ಬ್ಲೇಡಿನ ಓರೆ ಕೋನ) ಬದಲಿಸಬಹುದಾದ ಪ್ರೊಪೆಲ್ಲರ್ ಕೂರಿಸಿದವರು ಮೊದಲು ಕೇಳುವುದೇ "ಎಷ್ಟು ಡಿಗ್ರಿ ಇಡಲಿ?" ಅಂತ. ತಯಾರಕರು ಕೊಟ್ಟ ಕೋನದಿಂದ ಶುರು ಮಾಡಿ. ಆದರೆ ಕೊನೆಗೆ ತೀರ್ಮಾನಿಸಬೇಕಾದ್ದು ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಹಾಕುತ್ತದೆ ಎನ್ನುವ ಆರ್‌ಪಿಎಂ ನೋಡಿಯೇ.

ಕೈ ಹಾಕುವ ಮುಂಚೆ ಎರಡೂ ಇಗ್ನಿಷನ್ ಆಫ್ ಇರಲಿ, ಚಕ್ರಗಳಿಗೆ ಅಡೆ ಕೊಡಿ, ಪ್ರತಿ ಸಿಲಿಂಡರಿನಿಂದ ಒಂದೊಂದು ಸ್ಪಾರ್ಕ್ ಪ್ಲಗ್ ಬಿಚ್ಚಿಡಿ. ಎಂಜಿನ್ ರೋಟ್ಯಾಕ್ಸ್ 912 ಆದರೆ ಪ್ರೊಪೆಲ್ಲರನ್ನು ಅದು ಓಡುವ ದಿಕ್ಕಿಗೇ ತಿರುಗಿಸಿ. ಹಿಂದಕ್ಕೆ ತಿರುಗಿಸಿದರೆ ಆಯಿಲ್ ಲೈನಿಗೆ ಗಾಳಿ ಸೇರುತ್ತದೆ.

ಅಳತೆಯಲ್ಲಿ ಎಡವುವುದು ಸಾಮಾನ್ಯವಾಗಿ ಜಾಗದ ವಿಷಯದಲ್ಲಿ. ಬ್ಲೇಡ್ ಬುಡದಿಂದ ತುದಿಯವರೆಗೆ ತಿರುಚಿಕೊಂಡಿರುತ್ತದೆ. ಸುಮಾರು 1.7 ಮೀಟರ್ ವ್ಯಾಸದ ಪ್ರೊಪೆಲ್ಲರಿನಲ್ಲಿ ಗೇಜ್ 1 ಸೆಂ.ಮೀ. ಆಚೀಚೆಯಾದರೂ ಕಾಲು ಡಿಗ್ರಿಯಷ್ಟು ವ್ಯತ್ಯಾಸ ಬರಬಹುದು. ಹಾಗಾಗಿ ತಯಾರಕರು ಹೇಳಿದ ದೂರವನ್ನು ತುದಿಯಿಂದ ಅಳೆದು, ಎಲ್ಲ ಬ್ಲೇಡುಗಳ ಮೇಲೂ ಟೇಪ್ ಅಂಟಿಸಿ ಗೆರೆ ಹಾಕಿ. ಡಿಜಿಟಲ್ ಆಂಗಲ್ ಗೇಜನ್ನು ಹಬ್ಬಿನ (ಬ್ಲೇಡುಗಳು ಕೂಡುವ ನಡುಭಾಗ) ಮುಖಕ್ಕೆ ಇಟ್ಟು ಸೊನ್ನೆ ಮಾಡಿ. ಆಮೇಲೆ ಒಂದೊಂದೇ ಬ್ಲೇಡನ್ನು ಒಂದೇ ಪಕ್ಕಕ್ಕೆ, ನೆಲಕ್ಕೆ ಸಮಾನಾಂತರವಾಗಿ ತಂದು ಅಳೆಯಿರಿ. ನಡುವೆ ವಿಮಾನ ಅಲುಗಾಡಿದರೆ ಮತ್ತೆ ಸೊನ್ನೆಯಿಂದ ಶುರು ಮಾಡಬೇಕು.

ಬೋಲ್ಟ್ ಬಿಗಿಸುವಾಗ ಬ್ಲೇಡ್ ಸ್ವಲ್ಪ ತಿರುಗಿಬಿಡುತ್ತದೆ. ಅರ್ಧ ಟಾರ್ಕಿಗೊಮ್ಮೆ (ಟಾರ್ಕ್ ಅಂದರೆ ಬೋಲ್ಟ್ ತಿರುಗಿಸಿ ಬಿಗಿಸುವ ಬಲ), ಪೂರ್ತಿ ಟಾರ್ಕಿಗೊಮ್ಮೆ ಅಳೆದು ನೋಡಿ. ಬ್ಲೇಡುಗಳ ನಡುವಿನ ವ್ಯತ್ಯಾಸ 0.2 ಡಿಗ್ರಿಯೊಳಗೆ ಬರುವ ತನಕ ಬಿಡಬೇಡಿ. ಎಲ್ಲ ಬ್ಲೇಡುಗಳೂ ಅರ್ಧ ಡಿಗ್ರಿ ಹೆಚ್ಚಿದ್ದರೆ ಆರ್‌ಪಿಎಂ ಇಳಿಯುತ್ತದೆ, ಅಷ್ಟೇ. ಒಂದೇ ಬ್ಲೇಡ್ ಅರ್ಧ ಡಿಗ್ರಿ ಬೇರೆಯಾದರೆ ಇಡೀ ವಿಮಾನ ನಡುಗುತ್ತದೆ, ತೂಕ ಹಾಕಿ ಬ್ಯಾಲೆನ್ಸ್ ಮಾಡಿದರೂ ಆ ನಡುಕ ಹೋಗುವುದಿಲ್ಲ.

ಇನ್ನು ಎಂಜಿನ್ ಓಡಿಸಿ ನೋಡುವುದು. ಅದಕ್ಕೆ ಮೊದಲು ಪ್ರೊಪೆಲ್ಲರಿನ ಸುತ್ತುಗಳನ್ನು ಬೆಳಕಿನಿಂದ ಎಣಿಸುವ ಆಪ್ಟಿಕಲ್ ಟ್ಯಾಕೋಮೀಟರಿನಿಂದ, ಎಂಜಿನ್ನಿನ ಸುತ್ತು ತೋರಿಸುವ ನಿಮ್ಮ ಟ್ಯಾಕೋಮೀಟರ್ ಸರಿ ಇದೆಯೇ ನೋಡಿಕೊಳ್ಳಿ. ರೋಟ್ಯಾಕ್ಸ್ 912ರ ಒಂದು ಮಾದರಿಯಾದ 912 ಯುಎಲ್‌ಎಸ್‌ನ ಗೇರ್‌ಬಾಕ್ಸ್ 2.43:1, ಅಂದರೆ ಎಂಜಿನ್ 5,250ರಲ್ಲಿದ್ದಾಗ ಪ್ರೊಪೆಲ್ಲರ್ ಸುಮಾರು 2,160. ಗಾಳಿ ಇಲ್ಲದ ಹೊತ್ತು, ಕಲ್ಲುಪುಡಿ ಇಲ್ಲದ ನೆಲ ಆರಿಸಿಕೊಳ್ಳಿ. ವಿಮಾನವನ್ನು ಗಟ್ಟಿಯಾಗಿ ಕಟ್ಟಿ, ಆಯಿಲ್ 50 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕೆಲವೇ ಸೆಕೆಂಡು ಪೂರ್ತಿ ಥ್ರಾಟಲ್ ಕೊಡಿ.

ಈ ಎಂಜಿನ್ನಿಗೆ 5,800 ಆರ್‌ಪಿಎಂ ಐದು ನಿಮಿಷ ಮಾತ್ರ, ನಿರಂತರವಾಗಿ 5,500. ನಿಂತಲ್ಲೇ 5,200ರಿಂದ 5,400ರ ನಡುವೆ ಬಂದರೆ ಮೊದಲ ಹಾರಾಟಕ್ಕೆ ಒಳ್ಳೆಯದು. ವಿಮಾನ ಮುಂದೆ ಸಾಗಿದಂತೆ ಬ್ಲೇಡಿನ ಮೇಲಿನ ಹೊರೆ ಇಳಿದು ಆರ್‌ಪಿಎಂ ಏರುತ್ತದೆ, ಆ ಏರಿಕೆಗೆ ಜಾಗ ಬಿಟ್ಟಿರಬೇಕು. ಒಂದು ಡಿಗ್ರಿಗೆ ಸುಮಾರು 200 ಆರ್‌ಪಿಎಂ ಬದಲಾಗುವುದರಿಂದ ಒಮ್ಮೆಗೆ ಅರ್ಧ ಡಿಗ್ರಿಗಿಂತ ಹೆಚ್ಚು ಬದಲಿಸಬೇಡಿ.

ಸಂದೇಹವಿದ್ದರೆ ಪಿಚ್ ಸ್ವಲ್ಪ ಕಡಿಮೆ ಇರಲಿ. ಆರ್‌ಪಿಎಂ ಮಿತಿ ಮೀರುವಂತಾದರೆ ಥ್ರಾಟಲ್ ಎಳೆದು ಇಳಿಸಬಹುದು. ಪಿಚ್ ಹೆಚ್ಚಾಗಿ ಎಂಜಿನ್ ಏದುಸಿರು ಬಿಡುತ್ತಿದ್ದರೆ ರನ್‌ವೇ ಮುಗಿಯುವ ಹೊತ್ತಿಗೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಕ್ರೂಸ್ ವೇಗದ ಆಸೆಯನ್ನು ಮುಂದಿನ ಹಾರಾಟಗಳಿಗೆ ಇಟ್ಟುಕೊಳ್ಳಿ.

ಪರೀಕ್ಷೆ ಮುಗಿದು ಎಲ್ಲ ತಣ್ಣಗಾದ ಮೇಲೆ ಟಾರ್ಕ್ ಮತ್ತೊಮ್ಮೆ ನೋಡಿ, ಬೋಲ್ಟ್ ತಲೆಯಿಂದ ಹಬ್ಬಿಗೆ ಬಣ್ಣದ ಗೆರೆ ಎಳೆಯಿರಿ. ಮೊದಲ ಹಾರಾಟದಿಂದ ಇಳಿದ ಕೂಡಲೇ ಆ ಗೆರೆಗಳು ಮುರಿದಿವೆಯೇ ನೋಡಿ.