ಒಂದೇ ಬೋಗುಣಿಯಲ್ಲಿ ಎಲ್ಲವನ್ನೂ ತೊಳೆಯದವರು

ಇಂಗ್ಲೆಂಡಿನ ರೊಮಾನಿ ಕುಟುಂಬಗಳು ಹೊಸ ಟ್ರೇಲರ್ ಕೊಳ್ಳುವಾಗ ಸಿಂಕ್ ಇಲ್ಲದ್ದನ್ನೇ ಬೇಕೆಂದು ಹೇಳಿ ಮಾಡಿಸುತ್ತಿದ್ದ ಕಾಲವಿತ್ತು. ಸಿಂಕ್ ಇದ್ದೇ ಬಂದರೆ ಕಿತ್ತು ಹಾಕುತ್ತಿದ್ದರು. ನಾವು ಕ್ಯಾರವಾನ್ ಅನ್ನುವುದನ್ನು ಅವರು ಟ್ರೇಲರ್ ಅನ್ನುತ್ತಾರೆ. ಅದು ರಜೆಗೆ ಎಳೆದುಕೊಂಡು ಹೋಗುವ ಗಾಡಿಯಲ್ಲ, ಮನೆ. ಆ ಮನೆಯಲ್ಲಿ ಕೈಕಾಲು ತೊಳೆದ ತೊಟ್ಟಿಯಲ್ಲೇ ಊಟದ ತಟ್ಟೆ ತೊಳೆಯುವುದು ಹೇಸಿಗೆ. ಮಡಿ, ಮೈಲಿಗೆ, ಎಂಜಲು, ಮುಸುರೆ ಎಂದು ಕೇಳಿ ಬೆಳೆದ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಬೀದಿಯ ಇಂಗ್ಲಿಷರಿಗೆ ಮಾತ್ರ ಇದು ಗೊತ್ತಿಲ್ಲ. ಅವರ ಪ್ರಕಾರ 'ಜಿಪ್ಸಿಗಳು ಕೊಳಕರು'.

ಬ್ರಿಟನ್‌ನಲ್ಲಿ ಮನೆ ಮಾಡಿರುವ ಕನ್ನಡಿಗರು ಈ ಮಾತನ್ನು ಹಾಗೆಯೇ ಎತ್ತಿಕೊಂಡಿದ್ದಾರೆ. ಊರಾಚೆಯ ಮೈದಾನಕ್ಕೆ ನಾಲ್ಕು ಟ್ರೇಲರ್ ಬಂದರೆ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ 'ಬಾಗಿಲು ಭದ್ರ' ಎಂಬ ಸಂದೇಶ ಓಡಾಡುತ್ತದೆ, ನಮ್ಮವರೂ ಅದನ್ನು ಮುಂದಕ್ಕೆ ಕಳಿಸುತ್ತಾರೆ. ಕಳಿಸುವ ಮುಂಚೆ ಬಂದವರು ಯಾರು, ಹೇಗೆ ಬದುಕುತ್ತಾರೆ ಅನ್ನುವುದಾದರೂ ತಿಳಿದಿರಲಿ.

ಮೊದಲು ಯಾರು ಯಾರೆಂದು ನೋಡೋಣ. ರೊಮಾನಿ ಜಿಪ್ಸಿಗಳು 1500ರ ಆಸುಪಾಸಿನಿಂದ ಬ್ರಿಟನ್‌ನಲ್ಲಿದ್ದಾರೆ. ಅವರ ಪೂರ್ವಿಕರು ಸಾವಿರ ವರ್ಷದ ಹಿಂದೆ ವಾಯವ್ಯ ಭಾರತದಿಂದ ಹೊರಟವರು. (ಹಾಗೆಂದು 'ಅವರು ನಮ್ಮ ಲಂಬಾಣಿಗಳೇ' ಎಂದು ಫಾರ್ವರ್ಡ್ ಮಾಡುವುದು ಬೇಡ. ಸಾವಿರ ವರ್ಷದಲ್ಲಿ ಎರಡೂ ಕಡೆ ಬೇರೆಯದೇ ಚರಿತ್ರೆ ನಡೆದಿದೆ.) ಐರಿಶ್ ಟ್ರಾವೆಲರ್‌ಗಳು ಐರ್ಲೆಂಡಿನ ಮೂಲದವರೇ, ಹಿಂದೆ ತವರದ ಪಾತ್ರೆ ಮಾಡಿ, ಬೆಸುಗೆ ಹಾಕಿ, ಕುದುರೆ ಮಾರಿ ಬದುಕಿದವರು, ಕ್ಯಾಥೊಲಿಕರು, ತಮ್ಮದೇ ಕ್ಯಾಂಟ್ ನುಡಿ ಉಳ್ಳವರು. ಇವರಿಗೂ ಭಾರತಕ್ಕೂ ಸಂಬಂಧವಿಲ್ಲ. ಮೂರನೆಯವರು ಪೂರ್ವ ಯುರೋಪಿನಿಂದ ಈಚೆಗೆ ಬಂದ ರೋಮಾ. ಇವರಲ್ಲಿ ಹೆಚ್ಚಿನವರಿಗೆ ಟ್ರೇಲರ್ ಬದುಕು ಗೊತ್ತೇ ಇಲ್ಲ. 2021ರ ಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 'ಜಿಪ್ಸಿ ಅಥವಾ ಐರಿಶ್ ಟ್ರಾವೆಲರ್' ಎಂದು ಬರೆಸಿದವರು 71 ಸಾವಿರ ಚಿಲ್ಲರೆ, ರೋಮಾ ಎಂದು ಬರೆಸಿದವರು 1 ಲಕ್ಷ 3 ಸಾವಿರ. ಬರೆಸಲು ಹೆದರಿ ಸುಮ್ಮನಾದವರು ಇದರಲ್ಲಿ ಸೇರಿಲ್ಲ. ಇನ್ನೊಂದು ವಿಷಯ: 2011ರ ಗಣತಿಯ ಹೊತ್ತಿಗೇ ಜಿಪ್ಸಿ, ಟ್ರಾವೆಲರ್‌ಗಳಲ್ಲಿ ಮುಕ್ಕಾಲು ಪಾಲು ಜನ ಇಟ್ಟಿಗೆ ಮನೆ, ಫ್ಲಾಟುಗಳಲ್ಲಿದ್ದರು. ಚಕ್ರದ ಮೇಲೆ ಇದ್ದರಷ್ಟೇ ಟ್ರಾವೆಲರ್ ಅನ್ನುವುದು ಹೊರಗಿನವರ ಲೆಕ್ಕ.

ಇನ್ನು ಬೋಗುಣಿಗೆ ಬರೋಣ. ರೊಮಾನಿಗಳು ಮೈಲಿಗೆಗೆ 'ಮೊಕಾಡಿ' ಅನ್ನುತ್ತಾರೆ. ಕಟ್ಟುನಿಟ್ಟಾಗಿ ನಡೆಸುವ ಮನೆಯಲ್ಲಿ ಕನಿಷ್ಠ ಮೂರು ಸ್ಟೀಲ್ ಬೋಗುಣಿ ಇರುತ್ತವೆ: ಊಟದ ಪಾತ್ರೆ ಮತ್ತು ಪಾತ್ರೆ ಒರೆಸುವ ಬಟ್ಟೆಗೆ ಒಂದು, ಕೈ ಮುಖ ತೊಳೆಯಲು ಒಂದು, ಮೈಮೇಲಿನ ಬಟ್ಟೆಗೆ ಒಂದು. ಹಿಂದಿನ ತಲೆಯವರು ಗಂಡಸರ ಬಟ್ಟೆ, ಹೆಂಗಸರ ಬಟ್ಟೆಗೂ ಬೇರೆ ಬೇರೆ ಇಡುತ್ತಿದ್ದರು. ನೆಲ ಒರೆಸುವ ಬಕೆಟ್ಟು ಈ ಸಾಲಿಗೇ ಬರುವುದಿಲ್ಲ. ಒಂದರ ಕೆಲಸ ಇನ್ನೊಂದರಲ್ಲಿ ನಡೆದುಹೋದರೆ ತೊಳೆದು ಶುದ್ಧಮಾಡುವ ಮಾತಿಲ್ಲ, ಬೋಗುಣಿಯನ್ನೇ ಎಸೆಯಬೇಕು. ನಾಯಿ ನೆಕ್ಕಿದ ತಟ್ಟೆಯ ಗತಿಯೂ ಅಷ್ಟೆ. ಸೀಳು ಬಿಟ್ಟ ಕಪ್ಪು, ಅಂಚು ಮುಕ್ಕಾದ ತಟ್ಟೆಯನ್ನೂ ಇಟ್ಟುಕೊಳ್ಳುವುದಿಲ್ಲ, ಆ ಸೀಳಿನಲ್ಲಿ ಕೊಳೆ ಕೂರುತ್ತದೆ ಎಂದು.

ಇದರ ಹಿಂದಿನ ತರ್ಕ ಸರಳ: ಮೈಯ ಒಳಗೆ ಹೋಗುವುದು ಬೇರೆ, ಮೈಯ ಹೊರಗಿನದು ಬೇರೆ, ಹೊರಗಿನ ಕೊಳೆ ಒಳಗಿನದಕ್ಕೆ ತಾಗಬಾರದು. ಬೆಕ್ಕನ್ನು ಟ್ರೇಲರಿಗೆ ಸೇರಿಸದಿರುವುದೂ ಇದಕ್ಕೇ. ತನ್ನ ಮೈಯನ್ನು ತಾನೇ ನೆಕ್ಕಿ ಹೊರಗಿನ ಕೂದಲನ್ನು ಒಳಗೆ ತೆಗೆದುಕೊಳ್ಳುವ ಪ್ರಾಣಿ ಅದು. ನಾಯಿ ಎಷ್ಟೇ ಮುದ್ದಿನದಾದರೂ ಹೊರಗೇ. ಕುದುರೆ ಶುದ್ಧ. ಮುಳ್ಳಿನಿಂದಾಗಿ ಮೈ ನೆಕ್ಕಿಕೊಳ್ಳಲಾಗದ ಹೆಡ್ಜ್‌ಹಾಗ್ ಎಂಬ ಪುಟ್ಟ ಮುಳ್ಳುಪ್ರಾಣಿಯೂ ಶುದ್ಧ, ಹಿಂದೆ ಅದನ್ನು ಹಿಡಿದು ಬೇಯಿಸಿ ತಿನ್ನುತ್ತಿದ್ದರು. ಬಾಣಂತಿಗೆ ಬೇರೆ ಗುಡಾರ, ಬೇರೆ ತಟ್ಟೆ ಲೋಟ, ಕೆಲವು ವಾರ ಅಡುಗೆ ಮುಟ್ಟುವಂತಿಲ್ಲ ಎಂಬ ಪುರುಡಿನ ಪದ್ಧತಿಯೂ ಇತ್ತು. ಈಗ ಹೆರಿಗೆ ಆಸ್ಪತ್ರೆಯಲ್ಲಿ ಆಗುವುದರಿಂದ ಅದು ಬಹುಮಟ್ಟಿಗೆ ಕರಗಿದೆ.

ನಮ್ಮ ಮಡಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ, ಅದನ್ನು ಮುಚ್ಚಿಡಬಾರದು. ನಮ್ಮಲ್ಲಿ ಮಡಿ ಮೇಲಿನವರ ಕೈಯಲ್ಲಿ ಕೆಳಗಿನವರನ್ನು ದೂರ ಇಡುವ ಅಸ್ತ್ರವಾಯಿತು. ಮೊಕಾಡಿ ಊರವರಿಂದ ಹೊರಗೆ ತಳ್ಳಿಸಿಕೊಂಡವರು ತಮ್ಮ ಸುತ್ತ ಎಳೆದುಕೊಂಡ ಗೆರೆ. ಬೋಗುಣಿಯಿಲ್ಲದೆ ಸಿಂಕಿನಲ್ಲೇ ಎಲ್ಲ ತೊಳೆಯುವ, ಬೆಕ್ಕನ್ನು ಅಡುಗೆ ಕಟ್ಟೆ ಹತ್ತಿಸುವ 'ಗೋರ್ಜ'ಗಳೇ, ಅಂದರೆ ರೊಮಾನಿಯಲ್ಲದ ಊರವರೇ, ಅವರ ಕಣ್ಣಿಗೆ ಕೊಳಕರು. ಆದರೆ ಒಳಗೆ ಈ ನಿಯಮಗಳ ಭಾರವೆಲ್ಲ ಹೆಂಗಸರ ಹೆಗಲಿಗೇ ಬೀಳುತ್ತದೆ. ಆ ವಿಷಯದಲ್ಲಿ ಮಾತ್ರ ನಮಗೂ ಅವರಿಗೂ ವ್ಯತ್ಯಾಸವಿಲ್ಲ.

ಕೌನ್ಸಿಲ್ ಸೈಟು, ಅಂದರೆ ಟ್ರೇಲರ್ ನಿಲ್ಲಿಸಿ ಬದುಕಲು ಸ್ಥಳೀಯ ಆಡಳಿತ ಕೊಡುವ ಜಾಗ, ಕಟ್ಟುವವರು ಇದನ್ನು ತಿಳಿಯದೆ ಎಡವಿದ್ದಾರೆ. ಸೈಟಿನಲ್ಲಿ ಪ್ರತಿ ಕುಟುಂಬಕ್ಕೆ ಒಂದು 'ಪಿಚ್': ಒಂದು ದೊಡ್ಡ ಟ್ರೇಲರ್, ಓಡಾಟಕ್ಕೆ ಒಂದು ಚಿಕ್ಕದು, ವ್ಯಾನ್ ಹಿಡಿಸುವಷ್ಟು ಕಾಂಕ್ರೀಟ್ ನೆಲ, ಜೊತೆಗೊಂದು ಇಟ್ಟಿಗೆಯ ಕೋಣೆ. ಸಂಡಾಸು, ಸ್ನಾನ, ಬಟ್ಟೆ ಒಗೆಯುವ ಯಂತ್ರ ಎಲ್ಲ ಆ ಕೋಣೆಯಲ್ಲಿ. ಟ್ರೇಲರಿನಲ್ಲಿ ಸಂಡಾಸು ಇದ್ದರೂ ಹಳೆಯ ರೀತಿಯವರು ಅದನ್ನು ಬಳಸುವುದಿಲ್ಲ, ಉಣ್ಣುವ ಸೂರಿನಡಿ ಅದು ಸಲ್ಲದು. ಆ ಕೋಣೆಯಲ್ಲೂ ಸಂಡಾಸಿನ ಬಾಗಿಲು ಅಡುಗೆಯ ಜಾಗಕ್ಕೆ ನೇರ ತೆರೆಯಬಾರದು, ನಡುವೆ ಒಂದು ಪಡಸಾಲೆ ಇರಬೇಕು, ಇಲ್ಲವೇ ಹೊರಗಿನಿಂದ ಬೇರೆ ಬಾಗಿಲು. ಇದನ್ನು ಗಮನಿಸದೆ ಕಟ್ಟಿದ ಕಡೆ ಜನ ಆ ಅಡುಗೆ ಕಟ್ಟೆಯನ್ನು ಮುಟ್ಟುವುದೇ ಇಲ್ಲ. ಆಮೇಲೆ 'ಕೊಟ್ಟದ್ದನ್ನು ಬಳಸುವುದಿಲ್ಲ' ಎಂಬ ದೂರು ಬೇರೆ.

ಟ್ರೇಲರ್‌ಗಳ ನಡುವೆ 6 ಮೀಟರ್ ಬಿಡಬೇಕೆನ್ನುವುದು ಬೆಂಕಿಯ ನಿಯಮ. ಟ್ರೇಲರಿನ ಗೋಡೆ ತೆಳ್ಳಗಿನ ತಗಡು, ನಡುವೆ ಫೋಮು, ಒಳಗೆ ಪ್ಲೈವುಡ್. ಹತ್ತಿಕೊಂಡರೆ ನಿಮಿಷಗಳ ಮಾತು. ಮಕ್ಕಳು ದೊಡ್ಡವರಾಗಿ ಮದುವೆಯಾದಾಗ ಹೊಸ ಪಿಚ್ ಸಿಗುವುದಿಲ್ಲ, ಇದ್ದ ಪಿಚ್‌ನಲ್ಲೇ ಇನ್ನೊಂದು ಟ್ರೇಲರ್ ತಂದು ನಿಲ್ಲಿಸುತ್ತಾರೆ, 6 ಮೀಟರಿನ ಅಂತರ 2 ಮೀಟರಿಗೆ ಇಳಿಯುತ್ತದೆ. ಡಬ್ಲಿನ್ ಬಳಿಯ ಕ್ಯಾರಿಕ್‌ಮೈನ್ಸ್‌ನ ಟ್ರಾವೆಲರ್ ಸೈಟಿನಲ್ಲಿ 2015ರ ಅಕ್ಟೋಬರ್ 10ರ ಬೆಳಗಿನ ಜಾವ ಹೊತ್ತಿದ ಬೆಂಕಿಯಲ್ಲಿ ಹತ್ತು ಮಂದಿ ಸತ್ತರು, ಅದರಲ್ಲಿ ಐವರು ಮಕ್ಕಳು. ಉಳಿದವರಿಗೆ ತಾತ್ಕಾಲಿಕ ಜಾಗ ಸಿದ್ಧಮಾಡಲು ಹೋದಾಗ ಅಕ್ಕಪಕ್ಕದ ನಿವಾಸಿಗಳು ದಾರಿಗೆ ಕಾರು ಅಡ್ಡ ನಿಲ್ಲಿಸಿ ತಡೆದರು. ಇದಕ್ಕಿಂತ ಹೆಚ್ಚಿಗೆ ಪೂರ್ವಗ್ರಹದ ವಿವರಣೆ ಬೇಕಿಲ್ಲ.

ಸೈಟಿನಲ್ಲಿ ಜಾಗ ಸಿಗದವರ ಪಾಡು ರಸ್ತೆಬದಿ. ಅಲ್ಲಿ ಮೊದಲ ಚಿಂತೆ ನೀರು. ಸ್ಟೀಲ್ ಕ್ಯಾನುಗಳಲ್ಲಿ ತುಂಬಿ ತರಬೇಕು. ಪೆಟ್ರೋಲ್ ಬಂಕ್, ಸ್ಮಶಾನದ ನಲ್ಲಿ, ಗುರುತಿನ ರೈತ, ಯಾರು ಬಿಟ್ಟರೆ ಅಲ್ಲಿಂದ. ಚಳಿಗಾಲದಲ್ಲಿ ಗ್ಯಾಸಿನದು ಇನ್ನೊಂದು ಪಾಠ: ನೀಲಿ ಸಿಲಿಂಡರಿನ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಸಿಲಿಂಡರ್ ತುಂಬಿದ್ದರೂ ಒಲೆ ಹತ್ತುವುದಿಲ್ಲ. ಕೆಂಪು ಸಿಲಿಂಡರಿನ ಪ್ರೊಪೇನ್ ಮೈನಸ್ 42ರವರೆಗೆ ಕೆಲಸ ಮಾಡುತ್ತದೆ, ಹಾಗಾಗಿ ವರ್ಷಪೂರ್ತಿ ಟ್ರೇಲರಿನಲ್ಲಿರುವವರು ಕೆಂಪನ್ನೇ ಕೊಳ್ಳುತ್ತಾರೆ. ಕಿಟಕಿ ಮುಚ್ಚಿ ಒಲೆ ಹಚ್ಚಿಟ್ಟರೆ ಗೋಡೆಯಲ್ಲಿ ನೀರಿಳಿದು ಬೂಸ್ಟು ಹಿಡಿಯುತ್ತದೆ, ಜೊತೆಗೆ ಕಾರ್ಬನ್ ಮೊನಾಕ್ಸೈಡಿನ ಭಯ. ಅದಕ್ಕೇ ನೆಲದ ಬಳಿಯ ಗಾಳಿಕಿಂಡಿಗೆ ಬಟ್ಟೆ ತುರುಕಬಾರದು.

ಕಸದ ವಿಷಯಕ್ಕೆ ಬರೋಣ, ಊರವರ ದೊಡ್ಡ ದೂರು ಅದೇ. ತಂಗಿದ್ದ ಜಾಗದಿಂದೆದ್ದು ಹೋಗುವಾಗ ಕಸ ಬಿಟ್ಟುಹೋಗುವವರು ಇದ್ದಾರೆ, ಅದನ್ನು ಅಲ್ಲಗಳೆಯುವುದು ಬೇಡ. ಆದರೆ ಕೌನ್ಸಿಲ್ ಕಸದ ಗಾಡಿ ವಿಳಾಸವಿಲ್ಲದವರ ಬಳಿ ಬರುವುದಿಲ್ಲ, ಕಸದ ಡಿಪೊದಲ್ಲಿ ಒಳಗೆ ಬಿಡಲು ನಿವಾಸದ ಪುರಾವೆ ಕೇಳುತ್ತಾರೆ. ಲೀಡ್ಸ್‌ನಲ್ಲಿ ಬೇರೆ ದಾರಿ ಹಿಡಿದರು. ಒಪ್ಪಂದದ ಮೇಲೆ ಇಂತಿಷ್ಟು ದಿನ ನಿಲ್ಲಲು ಬಿಟ್ಟು, ಕಸದ ತೊಟ್ಟಿ, ತಾತ್ಕಾಲಿಕ ಸಂಡಾಸು ಕೊಟ್ಟರು. ಎಬ್ಬಿಸುವುದಕ್ಕೆ, ಆಮೇಲೆ ಗುಡಿಸುವುದಕ್ಕೆ ಆಗುತ್ತಿದ್ದ ಖರ್ಚು ಇಳಿಯಿತು.

ರಸ್ತೆಬದಿಗೆ ಯಾಕೆ ಬಂದರು ಅನ್ನುವುದಕ್ಕೆ ಕಾನೂನಿನ ಚರಿತ್ರೆಯೇ ಉತ್ತರ. 1968ರ ಕಾಯ್ದೆ ಸೈಟು ಕಟ್ಟುವುದನ್ನು ಸ್ಥಳೀಯ ಆಡಳಿತದ ಕರ್ತವ್ಯವಾಗಿಸಿತು. 1994ರಲ್ಲಿ ಆ ಕರ್ತವ್ಯವನ್ನು ತೆಗೆದುಹಾಕಿ, 'ನಿಮ್ಮ ಜಮೀನು ನೀವೇ ಕೊಂಡುಕೊಳ್ಳಿ' ಎಂದರು. ಕೊಂಡವರಲ್ಲಿ ಹಲವರಿಗೆ ಯೋಜನಾ ಅನುಮತಿ ಸಿಗಲಿಲ್ಲ. ಎಸೆಕ್ಸ್‌ನ ಡೇಲ್ ಫಾರ್ಮ್‌ನಲ್ಲಿ 2011ರ ಅಕ್ಟೋಬರಿನಲ್ಲಿ ಸುಮಾರು 80 ಕುಟುಂಬಗಳನ್ನು ಎಬ್ಬಿಸಿದ್ದು ಅವರದೇ ಜಮೀನಿನಿಂದ. ಅದು ಹಸಿರುಪಟ್ಟಿ, ಅಂದರೆ ಊರ ಸುತ್ತ ಕಟ್ಟಡ ಏಳದಂತೆ ಕಾಯ್ದಿಟ್ಟ ಬಯಲು, ಎಂಬುದು ಕಾರಣ. ಅದಕ್ಕೂ ಮುಂಚೆ ಅಲ್ಲಿ ಗುಜರಿ ಅಂಗಳವಿತ್ತು. 2022ರ ಪೊಲೀಸ್ ಕಾಯ್ದೆ ಇನ್ನೂ ಬಿಗಿಯಾಯಿತು: ಅನುಮತಿಯಿಲ್ಲದ ಜಾಗದಲ್ಲಿ ಗಾಡಿಯೊಂದಿಗೆ ತಂಗಿ, ಗಣನೀಯ ಹಾನಿಯೋ ತೊಂದರೆಯೋ ಆಗಿ ಅಥವಾ ಆಗಬಹುದೆನಿಸಿ, ಹೇಳಿದರೂ ಏಳದಿದ್ದರೆ 3 ತಿಂಗಳವರೆಗೆ ಜೈಲು, 2,500 ಪೌಂಡ್‌ವರೆಗೆ ದಂಡ, ಗಾಡಿ ಜಪ್ತಿ. ಗಾಡಿ ಅಂದರೆ ಇಲ್ಲಿ ಮನೆ, ಮಕ್ಕಳ ಹಾಸಿಗೆ, ಬೋಗುಣಿ ಎಲ್ಲವೂ. ಎಬ್ಬಿಸಿದ ಜಾಗಕ್ಕೆ ಮರಳದಿರುವ ಅವಧಿಯನ್ನು 3 ತಿಂಗಳಿಂದ 12ಕ್ಕೆ ಏರಿಸಿದ್ದು ತಾರತಮ್ಯವೆಂದು 2024ರ ಮೇ ತಿಂಗಳಲ್ಲಿ ಹೈಕೋರ್ಟ್ ಹೇಳಿತು.

ಕಸುಬಿನ ಕತೆಯೂ ಹೀಗೇ. ಕೆಂಟ್‌ನಲ್ಲಿ ಬಿಯರಿಗೆ ಹಾಕುವ ಹಾಪ್ಸ್ ಹೂವಿನ ಕೊಯ್ಲು, ಈವ್‌ಶಮ್‌ನಲ್ಲಿ ಹಣ್ಣಿನ ಕೊಯ್ಲು ಎಂದು ಋತುವಿನ ಜೊತೆ ಸಾಗುತ್ತಿದ್ದವರಿಗೆ ಯಂತ್ರ ಬಂದ ಮೇಲೆ ಉಳಿದದ್ದು ಗುಜರಿ, ಮರ ಕಡಿಯುವುದು, ಡಾಂಬರು. ಗುಜರಿಗೆ 2013ರ ಕಾಯ್ದೆ ಬಂದ ಮೇಲೆ ನಗದು ವ್ಯವಹಾರ ನಿಷಿದ್ಧ, ಸಂಗ್ರಹಿಸಲು ಪರವಾನಗಿ ಬೇಕು, ಅದೂ ಒಂದೊಂದು ಕೌನ್ಸಿಲ್ ವ್ಯಾಪ್ತಿಗೆ ಒಂದೊಂದು. ಮೂರು ಜಿಲ್ಲೆ ಸುತ್ತುವವನು ಕಟ್ಟಬೇಕಾದ ಶುಲ್ಕ ನೀವೇ ಲೆಕ್ಕ ಹಾಕಿ. ಬ್ಯಾಂಕ್ ಖಾತೆಗೆ ವಿಳಾಸ ಬೇಕು, ವಿಳಾಸಕ್ಕೆ ಸೈಟು ಬೇಕು.

ಶಾಲೆಯ ವಿಷಯದಲ್ಲಿ ಮಾತ್ರ ಕಾನೂನು ಸ್ವಲ್ಪ ಬಾಗಿದೆ. ಕಸುಬಿಗಾಗಿ ಊರೂರು ತಿರುಗುವ ಪೋಷಕರ ಮಕ್ಕಳ ಗೈರನ್ನು ಇಂಗ್ಲೆಂಡಿನ ಶಾಲೆಗಳು ಹಾಜರಿ ಪುಸ್ತಕದಲ್ಲಿ 'ಟಿ' ಎಂದು ಬರೆಯಬಹುದು. ಆರು ತುಂಬಿದ ಮಗು 12 ತಿಂಗಳಲ್ಲಿ 200 ಅರ್ಧ ದಿನಗಳಾದರೂ ಹಾಜರಿದ್ದರೆ ಪೋಷಕರಿಗೆ ಕೋರ್ಟಿನಲ್ಲಿ ರಕ್ಷಣೆ ಇದೆ. ಆದರೆ ಮಕ್ಕಳು ಶಾಲೆ ಬಿಡಲು ತಿರುಗಾಟವೊಂದೇ ಕಾರಣವಲ್ಲ. ಮೈದಾನದಲ್ಲಿ ಕೇಳುವ ಬೈಗುಳಕ್ಕೆ ಹಾಜರಿ ಪುಸ್ತಕದಲ್ಲಿ ಅಕ್ಷರವಿಲ್ಲ.

ಸಾವಿನ ಪದ್ಧತಿಯಲ್ಲಿ ಊರವರಿಗೂ ಇವರಿಗೂ ತುಂಬ ತಿಕ್ಕಾಟ. ಹೆಣವನ್ನು ಮನೆಗೆ ತಂದು, ಹೊರಗೆ ಬೆಂಕಿ ಹಾಕಿ, ಮಣ್ಣು ಮಾಡುವವರೆಗೆ ರಾತ್ರಿಯಿಡೀ ಸರದಿಯ ಮೇಲೆ ಎಚ್ಚರ ಕೂರುತ್ತಾರೆ. ದೂರದೂರದ ಬಳಗ ಬರಲೇಬೇಕು, ಬಾರದಿದ್ದರೆ ಅವಮಾನ. ಹಾಗಾಗಿ ಎರಡು ದಿನದಲ್ಲಿ ಐವತ್ತು ಗಾಡಿ ನೆರೆಯುವುದುಂಟು. ಬಡಾವಣೆಯವರು 'ದಾಳಿ' ಅನ್ನುವುದು ಎಷ್ಟೋ ಸಲ ಇದನ್ನೇ. ಹಿಂದೆ ಸತ್ತವರ ಕುದುರೆ ಬಂಡಿಯನ್ನು ಸಾಮಾನು ಸಮೇತ ಸುಟ್ಟು, ಪಿಂಗಾಣಿಯನ್ನು ಒಡೆದುಹಾಕುತ್ತಿದ್ದರು. ಬೆಲೆಬಾಳುವ ಕ್ರೌನ್ ಡರ್ಬಿ ತಟ್ಟೆಗಳಾದರೂ ಅಷ್ಟೇ, ಸತ್ತವರ ವಸ್ತು ಬದುಕಿದ್ದವರ ಬಳಿ ಉಳಿಯಬಾರದು. ಈಗ ಸುಡಲು ಕೌನ್ಸಿಲ್ ಬಿಡುವುದಿಲ್ಲ, ಹಲವರು ಟ್ರೇಲರನ್ನು ದೂರದ ಗೋರ್ಜ ವ್ಯಾಪಾರಿಗೆ ಮಾರಿಬಿಡುತ್ತಾರೆ. ಸಾವು ಅವರ ಮನೆಗೆ ಬೇಗ ಬರುತ್ತದೆ: ಐರ್ಲೆಂಡಿನಲ್ಲಿ 2010ರಲ್ಲಿ ಪ್ರಕಟವಾದ ಟ್ರಾವೆಲರ್ ಆರೋಗ್ಯ ಅಧ್ಯಯನದ ಪ್ರಕಾರ ಗಂಡಸರ ಸರಾಸರಿ ಆಯುಷ್ಯ 61.7 ವರ್ಷ, ಉಳಿದ ಐರಿಶ್ ಗಂಡಸರಿಗಿಂತ 15 ವರ್ಷ ಕಡಿಮೆ.

ಇಂಗ್ಲೆಂಡ್ ತನ್ನ ಜಿಪ್ಸಿಗಳ ವಿರುದ್ಧ 1530ರಲ್ಲೇ ಕಾಯ್ದೆ ಮಾಡಿತ್ತು, 1554ರಲ್ಲಿ ಅದಕ್ಕೆ ಮರಣದಂಡನೆ ಸೇರಿಸಿತು. ಅಲೆಮಾರಿ ಎಂದರೆ ಹುಟ್ಟು ಅಪರಾಧಿ ಎಂಬ ನೋಟ ಅಲ್ಲಿಗೇ ನಿಲ್ಲಲಿಲ್ಲ. ಭಾರತಕ್ಕೆ ಬಂದ ಆಳುವವರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಹುಬ್ಬಳ್ಳಿಯಲ್ಲಿ, ಗದಗದಲ್ಲಿ ಮುಳ್ಳುತಂತಿಯೊಳಗೆ ಜನರನ್ನು ಕೂಡಿಹಾಕಿದ ಸೆಟ್ಲ್‌ಮೆಂಟುಗಳು ಅದರ ಫಲ. 1952ರಲ್ಲಿ ಕಾಯ್ದೆ ಹೋಯಿತು, 'ಆ ಜಾತಿಯವರಾ?' ಎಂದು ಪೊಲೀಸರು ಕೇಳುವುದು ಹೋಗಿಲ್ಲ. ಬ್ರಿಟನ್‌ನ ಕೋರ್ಟುಗಳು ರೊಮಾನಿ ಜಿಪ್ಸಿಗಳನ್ನು 1988ರಲ್ಲಿ, ಐರಿಶ್ ಟ್ರಾವೆಲರ್‌ಗಳನ್ನು 2000ದಲ್ಲಿ ಜನಾಂಗೀಯ ಗುಂಪೆಂದು ಒಪ್ಪಿದವು. ಐರ್ಲೆಂಡ್ ಸರ್ಕಾರ ಒಪ್ಪಿದ್ದು 2017ರ ಮಾರ್ಚ್ 1ರಂದು. ಹಾಗಾಗಿ ಪಬ್ಬಿನ ಬಾಗಿಲಲ್ಲಿ 'ಟ್ರಾವೆಲರ್‌ಗಳಿಗೆ ಪ್ರವೇಶವಿಲ್ಲ' ಎಂಬ ಫಲಕ ಈಗ ಕಾನೂನುಬಾಹಿರ. ಫಲಕದ ಬದಲು 'ಇವತ್ತು ಖಾಸಗಿ ಪಾರ್ಟಿ ಇದೆ' ಅನ್ನುತ್ತಾರೆ.

ನಿಮ್ಮ ಬೀದಿಯ ಕಂಬಕ್ಕೆ ಟ್ರಾವೆಲರ್ ಪಿಚ್‌ಗಾಗಿ ಬಂದ ಅರ್ಜಿಯ ಹಳದಿ ಚೀಟಿ ಅಂಟಿದರೆ ಪಕ್ಕದ ಮನೆಯವರು ಆಕ್ಷೇಪಣೆಯ ಸಿದ್ಧ ಪತ್ರ ಕಳಿಸಿಕೊಡುತ್ತಾರೆ. ಸಹಿ ಹಾಕುವ ಮುಂಚೆ ಓದಿ. ಯೋಜನಾ ಅಧಿಕಾರಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ರಸ್ತೆಗೆ ಗಾಡಿ ಹೊರಳುವ ಜಾಗ, ಚರಂಡಿ, ಪ್ರವಾಹದ ಅಪಾಯ, ಮರಗಿಡ, ಆ ಜಿಲ್ಲೆಯಲ್ಲಿ ಎಷ್ಟು ಪಿಚ್‌ಗಳ ಕೊರತೆ ಇದೆ, ಇಂಥವನ್ನು. ಮನೆಯ ಬೆಲೆ ಇಳಿಯುತ್ತದೆ ಅನ್ನುವುದು ಲೆಕ್ಕಕ್ಕಿಲ್ಲ. 'ಇಂಥ ಜನ' ಎಂದು ಶುರುವಾಗುವ ಪತ್ರವನ್ನು ಕೌನ್ಸಿಲ್ ಪ್ರಕಟಿಸದೆ ಬದಿಗಿಡಬಹುದು. ಬೆಂಬಲಿಸಿ ಬರೆಯುವುದಕ್ಕೂ ಅದೇ ವಿಳಾಸ, ಅದೇ ಕೊನೆಯ ದಿನ: ಸಾಮಾನ್ಯವಾಗಿ ಚೀಟಿ ಅಂಟಿದ 21 ದಿನದೊಳಗೆ.