ಕ್ಯಾಮರೊಗೆ ಜಾಗ್ವಾರಿನ ಹಿಂಗಾಲು

ಗಂಟೆಗೆ 55 ಮೈಲಿಯವರೆಗೆ ಎಲ್ಲವೂ ಸರಿಯಾಗಿತ್ತು. 60ರ ಹತ್ತಿರ ಬರುತ್ತಿದ್ದಂತೆ ಸೀಟಿನ ಅಡಿಯಿಂದ ಸಣ್ಣಗೆ ಒಂದು ಅದುರು ಶುರುವಾಗಿ, ಕನ್ನಡಿಯಲ್ಲಿ ಕಾಣುತ್ತಿದ್ದ ಹಿಂದಿನ ಲಾರಿಯ ಆಕಾರವೇ ಕಲಸಿಹೋಯಿತು. ಮಿಶಿಗನ್ನಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಒಂದಿಡೀ ಚಳಿಗಾಲ ಕಳೆದು, 1967ರ ಷೆವರ್ಲೆ ಕ್ಯಾಮರೊ ಕಾರಿನ ಹಿಂದಿನ ಆಕ್ಸಲನ್ನು ಕಳಚಿ, ಆ ಜಾಗದಲ್ಲಿ ಹಳೆಯ ಜಾಗ್ವಾರ್ ಎಕ್ಸ್‌ಜೆ6 ಕಾರಿನ ಸ್ವತಂತ್ರ ಸಸ್ಪೆನ್ಷನ್ (ಎರಡೂ ಚಕ್ರಗಳು ಬೇರೆಬೇರೆಯಾಗಿ ಏರಿಳಿಯುವ ವ್ಯವಸ್ಥೆ) ಕೂರಿಸಿದ ಮೇಲೆ, ಮೇ ತಿಂಗಳ ಒಂದು ಶನಿವಾರ ನಾನು ಅದನ್ನು ಮೊದಲ ಸಲ ಹೆದ್ದಾರಿಗೆ ಇಳಿಸಿದ್ದೆ. ಪಕ್ಕದಲ್ಲಿ ಕುಳಿತಿದ್ದ ತೀರ್ಥಹಳ್ಳಿಯ ಗೆಳೆಯ ಏನೂ ಹೇಳದೆ ಕಿಟಕಿಯ ಕಡೆ ತಿರುಗಿದ್ದು ನನಗೆ ಅದುರಿಗಿಂತ ಹೆಚ್ಚು ಚುಚ್ಚಿತು.

ಈ ಕೆಲಸಕ್ಕೆ ಕೈಹಾಕಿದ್ದಕ್ಕೆ ಕಾರಣ ನಮ್ಮ ಕಡೆಯ ರಸ್ತೆಗಳು. ಹಿಮ ಕಟ್ಟಿ ಕರಗಿ, ಮತ್ತೆ ಕಟ್ಟಿ ಕರಗಿ, ಮಾರ್ಚ್ ಮುಗಿಯುವ ಹೊತ್ತಿಗೆ ಇಲ್ಲಿನ ಡಾಂಬರು ಎಲ್ಲೆಂದರಲ್ಲಿ ಬಾಯಿಬಿಡುತ್ತದೆ. ಆ ಕಾಲದ ಕ್ಯಾಮರೊದಲ್ಲಿ ಹಿಂದಿನ ಎರಡು ಚಕ್ರಗಳು ಒಂದೇ ಗಟ್ಟಿ ಆಕ್ಸಲಿನ ಎರಡು ತುದಿಗಳಲ್ಲಿರುತ್ತವೆ; ಎತ್ತಿನ ಗಾಡಿಯ ಅಚ್ಚಿನಂತೆ, ಒಂದು ಚಕ್ರ ಗುಂಡಿಗೆ ಇಳಿದರೆ ಇನ್ನೊಂದೂ ವಾಲಲೇಬೇಕು. ಅದನ್ನು ಹಿಡಿದಿಡಲು ಬದಿಗೊಂದರಂತೆ ಒಂಟಿ ಪಟ್ಟಿಯ ಲೀಫ್ ಸ್ಪ್ರಿಂಗ್ ಮಾತ್ರ ಇದ್ದುದರಿಂದ, ನಿಂತಲ್ಲಿಂದ ಜೋರಾಗಿ ಹೊರಟರೆ ಆ ಪಟ್ಟಿ ತಿರುಚಿಕೊಂಡು ಚಕ್ರಗಳು ರಸ್ತೆಯ ಮೇಲೆ ಕುಪ್ಪಳಿಸುತ್ತಿದ್ದವು. 1968ರ ಮಾದರಿಯಲ್ಲಿ ಕಂಪನಿ ಒಂದು ಶಾಕ್ ಅಬ್ಸಾರ್ಬರನ್ನು ಆಕ್ಸಲಿನ ಮುಂದೆ, ಇನ್ನೊಂದನ್ನು ಹಿಂದೆ ಇಟ್ಟು ಇದಕ್ಕೆ ಮದ್ದು ಹುಡುಕಿತು. ಅದೇ ಷೆವರ್ಲೆಯವರು 1963ರಲ್ಲೇ ಕಾರ್ವೆಟ್ಟಿಗೆ ಸ್ವತಂತ್ರ ಹಿಂಬದಿ ಸಸ್ಪೆನ್ಷನ್ ಕೊಟ್ಟಿದ್ದರು. ಕ್ಯಾಮರೊಗೆ ಆ ಭಾಗ್ಯ ಬಂದದ್ದು 2010ರ ಮಾದರಿಯಲ್ಲಿ. ನೇರ ಓಟದ ಪಂದ್ಯಕ್ಕೆ ಹೋಗುವವರು ಇವತ್ತಿಗೂ ಗಟ್ಟಿ ಆಕ್ಸಲನ್ನೇ ಬಯಸುತ್ತಾರೆ, ಅವರ ಮಟ್ಟಿಗೆ ಅದು ಸರಿಯೇ. ನಾನು ಹೋಗಬೇಕಾದದ್ದು ಮಾತ್ರ ಗುಂಡಿ ಬಿದ್ದ ರಸ್ತೆಯಲ್ಲಿ ದಿನಸಿ ಅಂಗಡಿಗೆ.

ಜಾಗ್ವಾರಿನವರು 1961ರಲ್ಲಿ ಇ-ಟೈಪ್ ಮತ್ತು ಮಾರ್ಕ್ 10 ಕಾರುಗಳಲ್ಲಿ ತಂದ ಈ ಸಸ್ಪೆನ್ಷನ್ ಹಳೆಯ ಕಾರುಗಳ ಹುಚ್ಚಿರುವವರಿಗೆ ಬಹಳ ಕಾಲದಿಂದ ಪ್ರಿಯ, ಏಕೆಂದರೆ ಎಂಜಿನ್ನಿನ ಶಕ್ತಿಯನ್ನು ಎರಡು ಹಿಂಚಕ್ರಗಳಿಗೆ ಹಂಚುವ ಡಿಫರೆನ್ಶಿಯಲ್, ಬ್ರೇಕು, ಸ್ಪ್ರಿಂಗು ಎಲ್ಲವೂ ಒಂದು ಉಕ್ಕಿನ ಚೌಕಟ್ಟಿನೊಳಗೆ ಕೂತು ಒಂದೇ ಗಂಟಾಗಿ ಕೆಳಗೆ ಇಳಿಯುತ್ತದೆ. ಪ್ರತಿ ಬದಿಗೆ ಎರಡೆರಡು ಸ್ಪ್ರಿಂಗ್-ಶಾಕ್ ಜೋಡಿಗಳು. ಚಕ್ರಕ್ಕೆ ಶಕ್ತಿ ಒಯ್ಯುವ ಹಾಫ್ ಶಾಫ್ಟೇ ಮೇಲಿನ ತೋಳಿನ ಕೆಲಸವನ್ನೂ ಮಾಡುತ್ತದೆ. ಇನ್ನೊಂದು ಅನುಕೂಲವೆಂದರೆ, ಜಾಗ್ವಾರಿನ ಚಕ್ರದ 5 ಬೋಲ್ಟುಗಳು 4.75 ಅಂಗುಲದ ವೃತ್ತದಲ್ಲಿವೆ, ಷೆವರ್ಲೆಯದೂ ಅದೇ ಅಳತೆ. ಗುಜರಿಯಿಂದ ತಂದ ದಿನ ನಾವಿಬ್ಬರೂ ಟ್ರಾಲಿಯ ಮೇಲೆ ಅದನ್ನು ಗ್ಯಾರೇಜಿನೊಳಗೆ ತಳ್ಳುತ್ತಿದ್ದಾಗ ಗೆಳೆಯ ಏದುಸಿರು ಬಿಡುತ್ತಾ, "ಇದು ಒಳ್ಳೆ ಪಲ್ಲಕ್ಕಿ ಇದ್ದ ಹಾಗಿದೆಯಲ್ಲ ಮಾರಾಯ, ಹೊರಲಿಕ್ಕೆ ನಾಲ್ಕು ಜನ ಬೇಕಿತ್ತು" ಎಂದಿದ್ದ.

ಕೂರಿಸುವ ಕೆಲಸದ ಕಥೆಯನ್ನು ಪೂರ್ತಿ ಹೇಳಿದರೆ ಮುಗಿಯುವುದಿಲ್ಲ. ಕ್ಯಾಮರೊದ ಹಿಂಭಾಗಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯ ತಗಡೇ ಮಡಚಿಕೊಂಡು ತೊಲೆಯಾಗಿರುತ್ತದೆ. ಆದ್ದರಿಂದ ಚೌಕಟ್ಟನ್ನು ತೂಗುಹಾಕುವ ಕಡೆ ಚೌಕಾಕಾರದ ಕೊಳವೆಗಳನ್ನು ಬೆಸೆದು ಬಲಪಡಿಸಬೇಕಾಯಿತು. ಡಿಕ್ಕಿಯ ನೆಲವನ್ನು ಕತ್ತರಿಸಿ ಎತ್ತರಿಸಿದೆವು, ಸೈಲೆನ್ಸರ್ ಕೊಳವೆಗೆ ಹೊಸ ದಾರಿ ಹುಡುಕಿದೆವು. ಹ್ಯಾಂಡ್ ಬ್ರೇಕಿನ ಕೇಬಲ್ ಎರಡು ವಾರ ತಿಂದಿತು. ಇಷ್ಟೆಲ್ಲದರ ನಡುವೆ ಪಿನಿಯನ್ನಿನ (ಡಿಫರೆನ್ಶಿಯಲಿನ ಮೂತಿಯಲ್ಲಿ ಶಕ್ತಿಯನ್ನು ಒಳಗೆ ತರುವ ಗೇರಿನ) ಕೋನವನ್ನು ಮಾತ್ರ ನಾನು ಕಣ್ಣುಮುಚ್ಚಿಕೊಂಡು ಮಾಡಬಲ್ಲೆ ಎಂಬ ಧೈರ್ಯದಲ್ಲಿ ಅರ್ಧ ಗಂಟೆಯಲ್ಲಿ ಮುಗಿಸಿದ್ದೆ.

ಹೆದ್ದಾರಿಯಲ್ಲಿ ಗೇರನ್ನು ನ್ಯೂಟ್ರಲಿಗೆ ತಂದು ನೋಡಿದೆ. ಎಂಜಿನ್ ಇಳಿದು ಶಾಂತವಾದರೂ ಅದುರು ನಿಲ್ಲಲಿಲ್ಲ. ಅಂದರೆ ಎಂಜಿನ್ನಿನ ತಪ್ಪಲ್ಲ. ಚಕ್ರದ ಬ್ಯಾಲೆನ್ಸ್ ತಪ್ಪಿದ್ದರೆ, ಆ ವೇಗದಲ್ಲಿ ಸೆಕೆಂಡಿಗೆ ಸುಮಾರು 13 ಸುತ್ತು ಹೊಡೆಯುವ ಚಕ್ರ ಮೈಯನ್ನು ದಡದಡನೆ ಅಲುಗಿಸುತ್ತಿತ್ತು. ಇದು ಹಾಗಲ್ಲ, ದುಂಬಿ ಡಬ್ಬಿಯೊಳಗೆ ಸಿಕ್ಕಿಕೊಂಡಂತಹ ಝೇಂಕಾರ. 3.31 ಅನುಪಾತದ ಡಿಫರೆನ್ಶಿಯಲ್ ಇರುವಾಗ 60 ಮೈಲಿ ವೇಗದಲ್ಲಿ ಗೇರ್‌ಬಾಕ್ಸಿನಿಂದ ಡಿಫರೆನ್ಶಿಯಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ನಿಮಿಷಕ್ಕೆ ಸುಮಾರು 2600 ಸುತ್ತು ತಿರುಗುತ್ತದೆ, ಅದರ ತುದಿಗಳಲ್ಲಿರುವ ಕೀಲು, ಅಂದರೆ ಯೂನಿವರ್ಸಲ್ ಜಾಯಿಂಟ್, ಕೋನ ಹಿಡಿದು ತಿರುಗುವಾಗ ಪ್ರತಿ ಸುತ್ತಿಗೂ ವೇಗ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಮುಂದಿನ ಜಾಯಿಂಟಿನ ಈ ಏರಿಳಿತವನ್ನು ಹಿಂದಿನದು ಹೊಡೆದುಹಾಕಬೇಕಾದರೆ ಎರಡರ ಕೋನವೂ ಸಮವಾಗಿರಬೇಕು. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ.

ಮನೆಗೆ ಬಂದು ಕಾರನ್ನು ಸಮತಟ್ಟಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಕೋನ ಅಳೆಯುವ ಅಂಗೈಯಗಲದ ಉಪಕರಣವನ್ನು ಗೇರ್‌ಬಾಕ್ಸಿನ ಬಾಲಕ್ಕೆ ಅಂಟಿಸಿದೆ. ಹಿಂದಕ್ಕೆ 3 ಡಿಗ್ರಿ ಇಳಿಜಾರು. ಅದನ್ನೇ ಪಿನಿಯನ್ನಿನ ಫ್ಲಾಂಜಿಗೆ ಇಟ್ಟಾಗ ಮೂತಿ ಮೇಲಕ್ಕೆ 1 ಡಿಗ್ರಿ ಎಂದು ತೋರಿಸಿತು. ಅದೂ 3 ಇರಬೇಕಿತ್ತು. ಬೆನ್ನ ಮೇಲೆ ಮಲಗಿಕೊಂಡೇ ನಾನು ನಕ್ಕುಬಿಟ್ಟೆ. ಲೀಫ್ ಸ್ಪ್ರಿಂಗಿನ ಕಾರಿನಲ್ಲಿ ಆಕ್ಸಿಲರೇಟರ್ ತುಳಿದಾಗ ಆಕ್ಸಲೇ ತಿರುಚಿಕೊಂಡು ಪಿನಿಯನ್ನಿನ ಮೂತಿ ಮೇಲೇಳುತ್ತದೆ. ಹಾಗೆ ಏಳುವುದಕ್ಕೆಂದೇ ಎರಡು ಡಿಗ್ರಿ ತಗ್ಗಿಸಿ ಕೂರಿಸುವುದು ರೂಢಿ. ಹಳೆಯ ಆಕ್ಸಲಿಗೆ ಎಷ್ಟೋ ಸಲ ಹಾಗೆ ಮಾಡಿದ್ದ ಕೈ ಇಲ್ಲಿಯೂ ಹಾಗೆಯೇ ಮಾಡಿತ್ತು. ಆದರೆ ಜಾಗ್ವಾರಿನ ಡಿಫರೆನ್ಶಿಯಲ್ ಚೌಕಟ್ಟಿನೊಳಗೆ ಬಿಗಿಯಾಗಿ ಕೂತಿದೆ. ಚೌಕಟ್ಟು ರಬ್ಬರಿನ ನಾಲ್ಕು ಆಧಾರಗಳ ಮೇಲೆ ತುಸು ಮಿಸುಕಬಹುದೇ ಹೊರತು ತಿರುಚಿಕೊಳ್ಳುವುದಿಲ್ಲ. ಆಕ್ಸಲು ಕುಣಿಯಬಾರದೆಂದು ಇಡೀ ಚಳಿಗಾಲ ದುಡಿದವನು, ಅದು ಕುಣಿದೇ ಕುಣಿಯುತ್ತದೆ ಎಂಬ ಲೆಕ್ಕದಲ್ಲಿ ಅದನ್ನು ಬೆಸೆದಿದ್ದೆ.

ಪುಣ್ಯಕ್ಕೆ ಬೆಸುಗೆ ಕತ್ತರಿಸಬೇಕಾಗಲಿಲ್ಲ. ನನ್ನ ಬ್ರಾಕೆಟ್ಟುಗಳಲ್ಲಿ ಮುಂದಿನ ಮತ್ತು ಹಿಂದಿನ ಆಧಾರಗಳ ನಡುವೆ 10 ಅಂಗುಲ ಅಂತರವಿತ್ತು. ಹಿಂದಿನ ಎರಡನ್ನು 9 ಮಿಲಿಮೀಟರ್ ಕೆಳಗಿಳಿಸಿದರೆ ಮೂತಿ ಬೇಕಾದ 2 ಡಿಗ್ರಿ ಏಳುತ್ತದೆ. ಗೆಳೆಯ ಉಕ್ಕಿನ ಪಟ್ಟಿಯಿಂದ ಎರಡು ತುಂಡು ಕೊಯ್ದು, ತೂತು ಕೊರೆದು, ಅಂಚು ಉಜ್ಜಿ ಕೊಟ್ಟ. ಜಾಕಿನಿಂದ ಚೌಕಟ್ಟನ್ನು ಆನಿಸಿ, ಬೋಲ್ಟು ಸಡಿಲಿಸಿ, ಪಟ್ಟಿಗಳನ್ನು ನಡುವೆ ತೂರಿಸಿ, ಉದ್ದದ ಬೋಲ್ಟು ಹಾಕಿ ಬಿಗಿದೆವು. ಅಳೆದರೆ ಮೇಲಕ್ಕೆ 3.1 ಡಿಗ್ರಿ. ಅದಕ್ಕಿಂತ ಹೆಚ್ಚಿನ ನಿಖರತೆಗೆ ಹೋಗುವ ತಾಳ್ಮೆ ನಮ್ಮಿಬ್ಬರಲ್ಲೂ ಇರಲಿಲ್ಲ.

ಸಂಜೆ ಅದೇ ಹೆದ್ದಾರಿ, ಅದೇ 60, ಆಮೇಲೆ 70. ಕನ್ನಡಿಯಲ್ಲಿ ಹಿಂದಿನ ಕಾರಿನ ನಂಬರ್ ಪ್ಲೇಟ್ ಓದಬಹುದಿತ್ತು. ವಾಪಸು ಬರುವಾಗ ರೈಲು ಹಳಿ ದಾಟುವ ಕಡೆ, ಬಲಬದಿಯ ಆಳವಾದ ಗುಂಡಿಗೆ ಬೇಕೆಂದೇ ಚಕ್ರ ಇಳಿಸಿದೆ. ಬಲಗಡೆ ಧಡ್ ಎಂದಿತು, ಎಡಗಡೆಗೆ ಸುದ್ದಿಯೇ ಮುಟ್ಟಲಿಲ್ಲ. "ಈಗ ಹೋದ ವರ್ಷದ ಗುಂಡಿಗಳಿಗೂ ಹೋಗಿ ಬರೋಣವೇನೋ" ಎಂದ ಗೆಳೆಯ.

ಮನೆಯ ಮುಂದೆ ನಿಲ್ಲಿಸಿದಾಗ ಕಾದ ಗೇರ್ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಈ ಜಾಗ್ವಾರಿನಲ್ಲಿ ಬ್ರೇಕ್ ಡಿಸ್ಕುಗಳಿರುವುದು ಚಕ್ರದ ಬಳಿಯಲ್ಲ, ಡಿಫರೆನ್ಶಿಯಲಿನ ಪಕ್ಕದಲ್ಲೇ. ಚಕ್ರದ ಭಾರ ಕಡಿಮೆಯಾಗಲೆಂದು ಮಾಡಿದ ಜಾಣತನವಾದರೂ ಡಿಸ್ಕಿನ ಕಾವಿಗೆ ಎಣ್ಣೆಯ ಸೀಲುಗಳು ಒಣಗಿ ಬಿರಿಯುವುದು ಇದರ ಹಳೆಯ ಕಾಯಿಲೆ. ಟಾರ್ಚ್ ಹಿಡಿದು ನೋಡಿದಾಗ ಸೀಲುಗಳ ಸುತ್ತ ಎಣ್ಣೆಯ ಪಸೆ ಕಾಣಲಿಲ್ಲ, ಆದರೂ ನಂಬಿಕೆ ಬರಲಿಲ್ಲ. ರಾತ್ರಿ ಕಾರಿನ ಅಡಿಗೆ ಉದ್ದಕ್ಕೂ ರಟ್ಟು ಹಾಸಿ, ಮನೆಯೊಳಗೆ ಹೋಗಿ ಮಲಗಿದೆ. ಬೆಳಿಗ್ಗೆ ನೋಡಿದರೆ ಒಂದೇ ಒಂದು ಹನಿ ಬಿದ್ದಿತ್ತು, ಅದೂ ಮುಂಭಾಗದಲ್ಲಿ, ಷೆವರ್ಲೆಯ ಎಂಜಿನ್ನಿನ ಕೆಳಗೆ.